ಕೆರೆ ಸುತ್ತಿದ್ದು, ದೋಸೆ ತಿಂದದ್ದು

ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಬೆಳಗಿನ ಜಾವ ನಡೆಯುವವರ ದಂಡು ನೋಡಿದರೆ, ಮೈಸೂರಿನಲ್ಲಿ ಇಷ್ಟು ಹೊತ್ತಿಗೆ ದಪ್ಪಗಿರುವವರು ಒಬ್ಬರೂ ಉಳಿದಿರಬಾರದು. ಆದರೆ ವರ್ಷಗಟ್ಟಲೆ ಅದೇ ಮುಖಗಳು, ಅದೇ ಮಂಗನ ಟೋಪಿಗಳು, ಅದೇ ಹೊಟ್ಟೆಗಳು. ಪಕ್ಕದ ಮನೆ ಮೇಷ್ಟ್ರಿಗೆ ಕಾಂಪೌಂಡ್ ಗೋಡೆಯ ಈಚೆಯಿಂದ ಇದನ್ನೇ ಅಂದೆ. ಅವರೂ ಆಗಷ್ಟೇ ಕೆರೆ ಸುತ್ತಿ ಬಂದಿದ್ದರು. ಕೈಯಲ್ಲಿ ಕಾಫಿ ಲೋಟ.

“ಲೆಕ್ಕ ಹಾಕ್ಬಾರದು ಇವರೇ, ಹಾಕಿದ್ರೆ ಬೇಜಾರಾಗತ್ತೆ” ಅಂದರು. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹಾಕಬಾರದು ಅಂದಮೇಲೆ ಹಾಕದೆ ಬಿಟ್ಟಾರೆಯೇ? “ಎಪ್ಪತ್ತು ಕೆಜಿ ಆಸಾಮಿ ಒಂದು ಕಿಲೋಮೀಟರ್ ನಡೆದ್ರೆ 50 ಕ್ಯಾಲೊರಿ ಆಸುಪಾಸು ಖರ್ಚು. ಕೆರೆ ಸುತ್ತು ನಾಲ್ಕೂವರೆ ಕಿಲೋಮೀಟರ್ ಅಂತಿಟ್ಕೊಳ್ಳಿ, 225 ಆಯ್ತು. ಒಂದು ಕೆಜಿ ಕೊಬ್ಬು ಕರಗ್ಬೇಕಾದ್ರೆ ಸುಮಾರು 7,700. ಭಾಗಿಸಿ.”

ನಾನು ಭಾಗಿಸಲಿಲ್ಲ. ಅವರೇ ಹೇಳಿದರು: “34 ಸುತ್ತು. ಅದೂ ದಾರೀಲಿ ಏನೂ ತಿನ್ನದಿದ್ರೆ.”

ದಾರಿಯಲ್ಲಿ ಏನೂ ತಿನ್ನದೆ ಮನೆ ಸೇರುವುದು ಈ ಊರಲ್ಲಿ ಸಣ್ಣ ಮಾತಲ್ಲ. ಕೆರೆ ಮುಗಿಸಿದ ಗುಂಪು ನೇರ ಹೋಟೆಲಿಗೆ ನುಗ್ಗುತ್ತದೆ. ನಡೆದಿದ್ದೇವಲ್ಲ, ಇವತ್ತು ಬೆಣ್ಣೆ ಹಾಕಿದ್ದೇ ಇರಲಿ ಎನ್ನುತ್ತದೆ. ಎಣ್ಣೆ, ತುಪ್ಪ ಗ್ರಾಮಿಗೆ 9 ಕ್ಯಾಲೊರಿ. ಪಿಷ್ಟ, ಸಕ್ಕರೆ 4. ಕಾವಲಿಯ ಮೇಲೆ ಎರಡು ದೊಡ್ಡ ಚಮಚ ಎಣ್ಣೆ ಬಿದ್ದರೆ ಅದೊಂದಕ್ಕೇ ಕೆರೆಯ ಸುತ್ತು ಚುಕ್ತಾ. ದೋಸೆ, ಆಲೂಗಡ್ಡೆ ಪಲ್ಯ, ಬೆಣ್ಣೆ, ಮೇಲೊಂದು ಕಾಫಿ, ಅವೆಲ್ಲ ಸಾಲದ ಖಾತೆಗೆ.

ಹಾಗಂತ ಮೈಸೂರಿನವರನ್ನೇ ಆಡಿಕೊಳ್ಳಬೇಕಾಗಿಲ್ಲ. ಲಂಡನ್ನಿನಲ್ಲಿ ವಿಲಿಯಂ ಬ್ಯಾಂಟಿಂಗ್ ಅಂತ ಒಬ್ಬನಿದ್ದ. ರಾಜಮನೆತನದವರ ಶವಸಂಸ್ಕಾರದ ಏರ್ಪಾಟು ನೋಡಿಕೊಳ್ಳುತ್ತಿದ್ದ ಕುಟುಂಬದವನು. ಎಷ್ಟು ದಪ್ಪ ಅಂದರೆ ಬಗ್ಗಿ ಬೂಟಿನ ದಾರ ಕಟ್ಟಲಾರ, ಮೆಟ್ಟಿಲು ಇಳಿಯುವುದು ಹಿಮ್ಮುಖವಾಗಿ. ವೈದ್ಯರ ಮಾತು ಕೇಳಿ ಬೆಳಗ್ಗೆ ಎದ್ದು ಹೊಳೆಯಲ್ಲಿ ದೋಣಿಗೆ ಹುಟ್ಟು ಹಾಕಿದ. ತೋಳು ಗಟ್ಟಿಯಾಯಿತು, ಹಸಿವು ಕೆರಳಿತು, ತೂಕ ಏರಿತು. ಆಮೇಲೆ ಕಿವಿ ಮಂದವಾಯಿತೆಂದು ವಿಲಿಯಂ ಹಾರ್ವೆ ಎಂಬ ಕಿವಿ ವೈದ್ಯರ ಬಳಿ ಹೋದರೆ, ಅವರು ಕಿವಿ ಬಿಟ್ಟು ಊಟಕ್ಕೆ ಕೈ ಹಾಕಿದರು. ಬ್ರೆಡ್ಡು, ಬೆಣ್ಣೆ, ಹಾಲು, ಸಕ್ಕರೆ, ಬಿಯರು, ಆಲೂಗಡ್ಡೆ ಬಂದ್. ಒಂದು ವರ್ಷದಲ್ಲಿ ಸುಮಾರು 20 ಕೆಜಿ ಇಳಿಯಿತು. ಆ ಸಂತೋಷಕ್ಕೆ 1863ರಲ್ಲಿ ಒಂದು ಕಿರುಹೊತ್ತಗೆಯನ್ನೇ ಬರೆದು ಹಂಚಿದ.

“ನಿಮ್ಮ ಬ್ಯಾಂಟಿಂಗ್ ಬಿಡಿ, ಕಾಡಲ್ಲಿ ಓಡಾಡೋರ ಕಥೆ ಕೇಳಿ” ಅಂದರು ಮೇಷ್ಟ್ರು. ತಾಂಜಾನಿಯಾದಲ್ಲಿ ಹಡ್ಜಾ ಅಂತ ಜನ. ಬೇಟೆ, ಜೇನು, ಗೆಡ್ಡೆಗೆಣಸು ಅಂತ ದಿನವೆಲ್ಲ ಕಾಲ ಮೇಲೇ ಇರುವವರು. ಹರ್ಮನ್ ಪಾಂಟ್ಜರ್ ಮತ್ತು ಜೊತೆಗಾರರು ಅವರ ದಿನದ ಕ್ಯಾಲೊರಿ ಖರ್ಚು ಅಳೆದು 2012ರಲ್ಲಿ ಪ್ರಕಟಿಸಿದಾಗ, ಮೈಗಾತ್ರದ ಲೆಕ್ಕ ಸರಿದೂಗಿಸಿದ ಮೇಲೆ, ಅದು ಕುರ್ಚಿಯಲ್ಲಿ ಕೂರುವ ಅಮೆರಿಕದವರಷ್ಟೇ ಬಂತು. ಕಾಲಿಗೆ ಜಾಸ್ತಿ ಹೋದದ್ದನ್ನು ಮೈ ಬೇರೆಲ್ಲೋ ಬಿಗಿಹಿಡಿದು ಸರಿಮಾಡಿಕೊಳ್ಳುತ್ತದೆ ಅಂತ ಪಾಂಟ್ಜರ್ ವಾದ. ಎಲ್ಲರೂ ಪೂರ್ತಿ ಒಪ್ಪಿದ್ದಾರೆ ಅಂತಲ್ಲ. ಮೇಷ್ಟ್ರು ಒಪ್ಪಿದ್ದಾರೆ.

ಇಷ್ಟೆಲ್ಲ ಗೊತ್ತಿದ್ದೂ ಜನ ಬಾಯಿ ಕಟ್ಟುವುದು ಬಿಟ್ಟು ಬೂಟು ಕಟ್ಟುವುದು ಯಾಕೆ? ನನಗೆ ತೋಚುವುದು ಇಷ್ಟು. ನೀವು ಐದು ಗಂಟೆಗೆ ಎದ್ದು ನಡೆಯಲು ಹೋದರೆ ಮನೆಯಲ್ಲಿ ಯಾರ ಮನಸ್ಸಿಗೂ ನೋವಾಗುವುದಿಲ್ಲ. ಹೋಗಿ ಬನ್ನಿ, ಬರುವಾಗ ಕೊತ್ತಂಬರಿ ಸೊಪ್ಪು ತನ್ನಿ ಅಂತಾರೆ. ಅದೇ ರಾತ್ರಿ ತಟ್ಟೆಯ ಮುಂದೆ ಕೂತು ಅನ್ನ ಸಾಕು ಅನ್ನಿ ನೋಡೋಣ. ಯಾಕೆ, ಸಾರು ಚೆನ್ನಾಗಿಲ್ವಾ? ಮಧ್ಯಾಹ್ನ ಹೊರಗೆಲ್ಲಾದ್ರೂ ತಿಂದ್ರಾ? ಮೈ ಹುಷಾರಿಲ್ವಾ? ತಟ್ಟೆಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಲ್ಲೇ ತುಪ್ಪ ಇಳಿಸುವ ಕಲೆ ನಮ್ಮ ಅತ್ತೆಯರಿಗೆ ಸಿದ್ಧಿಸಿದೆ. ಬೀಗರ ಮನೆಯಲ್ಲಂತೂ ಕೇಳಲೇ ಬೇಡಿ, ಅಲ್ಲಿ ಎರಡನೇ ಹೋಳಿಗೆ ಬೇಡವೆಂದರೆ ಸಂಬಂಧವೇ ಬೇಡವೆಂದ ಹಾಗೆ. ತಿನ್ನುವವರು ನಾವಾದರೂ ಎಷ್ಟು ತಿನ್ನಬೇಕೆಂದು ತೀರ್ಮಾನಿಸುವುದು ಸೌಟು.

“ಏಕಾದಶಿ ಮಾಡಿ ಅಂತಾರಲ್ಲ?” ಅಂದೆ.

“ನಮ್ಮನೆ ಏಕಾದಶಿ ನೋಡಿದೀರಾ?” ಮೇಷ್ಟ್ರು ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದರು. “ಅನ್ನ ಒಂದಿಲ್ಲ. ಬೆಳಗ್ಗೆ ಅವಲಕ್ಕಿ, ಮಧ್ಯಾಹ್ನ ಕಡಲೆಕಾಯಿ ಬೀಜ ಹಾಕಿದ ಸಬ್ಬಕ್ಕಿ ಕಿಚಡಿ, ಬಾಳೆಹಣ್ಣಿನ ರಸಾಯನ, ರಾತ್ರಿ ಗೋಧಿ ಉಪ್ಪಿಟ್ಟು, ಮಲಗೋ ಮುಂಚೆ ಹಾಲು. ದ್ವಾದಶಿ ದಿನ ಪಾರಣೆ ಬೇರೆ.”

ರಾಗಿಮುದ್ದೆ ಹಿಡಿದರೆ ಸಣ್ಣಗಾಗುತ್ತಾರೆ ಅನ್ನುವ ಇನ್ನೊಂದು ನಂಬಿಕೆಯಿದೆ. ನೂರು ಗ್ರಾಂ ರಾಗಿಯಲ್ಲಿ 320 ಆಸುಪಾಸು ಕ್ಯಾಲೊರಿ, ಅಕ್ಕಿಯಲ್ಲಿ 350 ಆಸುಪಾಸು. ಏನು ಮಹಾ ವ್ಯತ್ಯಾಸ? ರಾಗಿಯಲ್ಲಿ ನಾರಿದೆ, ಸುಣ್ಣದಂಶ ಧಾರಾಳವಾಗಿದೆ, ಬೇಗ ಹಸಿವಾಗದು, ಅದೆಲ್ಲ ನಿಜ. ಅನ್ನ ಬಿಟ್ಟು ಅದನ್ನು ತಿನ್ನಬೇಕು ಅಷ್ಟೆ. ನಮ್ಮಲ್ಲಿ ಮುದ್ದೆ ಆದಮೇಲೆ ಅನ್ನ ಬರುತ್ತದೆ.

ನಡಿಗೆಯನ್ನು ಹೀಗೆ ಹಳಿದರೆ ಪಾಪ ಬರುತ್ತದೆ, ಅದೂ ಗೊತ್ತು. ಊಟವಾದ ಮೇಲೆ ಹತ್ತು ನಿಮಿಷ ಅಡ್ಡಾಡಿದರೂ ರಕ್ತದ ಸಕ್ಕರೆ ಅಷ್ಟು ಏರುವುದಿಲ್ಲ, ಕಾಲಿನ ಮಾಂಸಖಂಡಗಳು ಎಳೆದುಕೊಳ್ಳುತ್ತವೆ. ಬರೀ ಪಥ್ಯದಲ್ಲೇ ಇಳಿದವರಿಗೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗಿ ಮುಖ ಬಾಡುತ್ತದೆ. ಅದನ್ನು ಉಳಿಸಲು ಭಾರ ಎತ್ತುವಂಥ ಕೆಲಸ ಬೇಕು. ಇಳಿಸಿದ ತೂಕ ಮತ್ತೆ ಏರದ ಹಾಗೆ ಕಾಯುವುದರಲ್ಲೂ ವ್ಯಾಯಾಮದ ಪಾಲು ದೊಡ್ಡದು. ಇಳಿಸುವ ಕೆಲಸ ಮಾತ್ರ ಬಹುಪಾಲು ಅಡುಗೆಮನೆಯದೇ. ಮೇಷ್ಟ್ರು ಮಾತ್ರ, ಬೆಳಗ್ಗೆ ಒಂದು ಗಂಟೆ ಮನೆಯಿಂದ ಹೊರಗಿರುವ ಲಾಭ ಯಾವ ಲೆಕ್ಕದಲ್ಲೂ ಸೇರಿಲ್ಲ ಅಂತ ತಕರಾರು ತೆಗೆದರು.

“ಭಾನುವಾರ ಹಿಂದಿನ ಬೀದಿ ಗೃಹಪ್ರವೇಶಕ್ಕೆ ಬರ್ತೀರಲ್ಲ?” ಕೇಳಿದೆ.

“ಬರ್ತೀನಿ. ಕೊನೇ ಪಂಕ್ತಿಗೆ ಕೂರೋದು ಅಂತ ತೀರ್ಮಾನ ಮಾಡಿದೀನಿ. ಅಷ್ಟರಲ್ಲಿ ಹೋಳಿಗೆ ಖಾಲಿ ಆಗಿರತ್ತೆ.”

ಒಳಗಿನಿಂದ ಅವರ ಮನೆಯವರ ದನಿ ಬಂತು: “ಏನೂ ಯೋಚನೆ ಮಾಡ್ಬೇಡಿ ಅಂದ್ರೆ, ಅಡುಗೆ ಭಟ್ಟರಿಗೆ ನಾಲ್ಕು ಎತ್ತಿಡೋಕೆ ಹೇಳಿದೀನಿ.”