ಡಾಟೆಡ್ ಲೈನಿನ ಊರು

ನಮ್ಮ ಕಂಪನಿಯನ್ನು ಮತ್ತೆ ಒಡೆದು ಕಟ್ಟುತ್ತಿದ್ದಾರೆ. ಕಟ್ಟಡವನ್ನಲ್ಲ, ಅದು ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಗಾಜು ಹೊದ್ದುಕೊಂಡು ನಿಂತಲ್ಲೇ ನಿಂತಿದೆ. ಒಡೆಯುತ್ತಿರುವುದು ಆರ್ಗ್ ಚಾರ್ಟಿನ ಚೌಕಗಳನ್ನು. ಮೇಲೊಂದು ಚೌಕ, ಅದರಿಂದ ಇಳಿದ ಗೆರೆಗಳು, ಗೆರೆಯ ತುದಿಗೆ ಮತ್ತಷ್ಟು ಚೌಕಗಳು. ನಾನಿರುವುದು ಚೌಕದೊಳಗಲ್ಲ. ಎಲ್ಲಕ್ಕಿಂತ ಕೆಳಗಿನ ಚೌಕದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ‘ಮತ್ತು ತಂಡ’ ಎಂದು ಬರೆದಿರುತ್ತಾರಲ್ಲ, ಅಲ್ಲಿ. ಅದರಲ್ಲೂ ‘ತಂಡ’ದಲ್ಲಿ ಹಳಬರಿರುತ್ತಾರೆ, ನಮ್ಮಂಥವರು ‘ಮತ್ತು’ವಿನಲ್ಲಿ.

ಈ ಸಲದ ಟೌನ್ ಹಾಲ್ ಮೀಟಿಂಗಿನಲ್ಲಿ ದೊಡ್ಡ ಸಾಹೇಬರು ಪರದೆಯ ಮೇಲೆ ಕಾಣಿಸಿಕೊಂಡು, ವರ್ಟಿಕಲ್‌ಗಳ ಕಾಲ ಮುಗಿಯಿತು, ಇನ್ನು ಎಲ್ಲವೂ ಹಾರಿಜಾಂಟಲ್ ಎಂದು ಘೋಷಿಸಿದರು. ಅವರ ಹಿಂದಿನವರು ಇದನ್ನೇ ತಿರುಗಿಸಿ ಹೇಳಿದ್ದರು. ಚಪ್ಪಾಳೆಯ ಇಮೋಜಿಗಳು ಎರಡು ಸಲವೂ ಅಷ್ಟೇ ಉತ್ಸಾಹದಿಂದ ತೇಲಿದವು. “ಇಂದಿನಿಂದ ನಾವು ಹೊಸ ಕಂಪನಿ” ಎಂದಾಗ ನಮ್ಮ ತಂಡದವರು ಮಾತ್ರ ಮೈಕ್ ಬಂದ್ ಮಾಡಿಕೊಂಡು ನಿಟ್ಟುಸಿರು ಬಿಟ್ಟೆವು. ಯಾಕೆಂದರೆ ಯಾರ ರಜೆಗೆ ಯಾರು ಒಪ್ಪಬೇಕು, ಯಾರ ಖರ್ಚಿನ ಬಿಲ್ಲು ಯಾರ ಬಳಿಗೆ ಹೋಗಬೇಕು ಎಂದು ನೋಡಿಕೊಳ್ಳುವ ಕಂಪನಿಯೊಳಗಿನ ಸಾಫ್ಟ್‌ವೇರ್ ನಮ್ಮ ಸುಪರ್ದಿನಲ್ಲಿದೆ. ಸಾಹೇಬರು ಹೇಳಿದ ಮಾತ್ರಕ್ಕೆ ಕಂಪನಿ ಹೊಸದಾಗುವುದಿಲ್ಲ. ಯಾರ ಕೆಳಗೆ ಯಾರು ಎಂಬ ಸಾಲುಗಳನ್ನು ನಾವು ಕೂತು ತಿದ್ದಿ ಮುಗಿಸಿದ ದಿನ ಆಗುತ್ತದೆ. ಅಲ್ಲಿಯವರೆಗೆ ಅದು ಹಳೆಯದೂ ಅಲ್ಲ, ಹೊಸದೂ ಅಲ್ಲ. ಆ ನಡುವೆ ಯಾರಾದರೂ ಮದುವೆಗೆ ರಜೆ ಕೇಳಿದರೆ ದೇವರೇ ಗತಿ.

ಚಾರ್ಟು ಇಮೇಲಿನಲ್ಲಿ ಬಂದಾಗ ನಾನು ಊರಲ್ಲಿದ್ದೆ. ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂತಿದ್ದವನ ಬೆನ್ನ ಹಿಂದೆ ದೊಡ್ಡಪ್ಪ ಬಂದು ಬಗ್ಗಿ ನೋಡಿದರು. ಗ್ರಾಮಲೆಕ್ಕಿಗರಾಗಿ ಸೇರಿ ತಾಲ್ಲೂಕು ಕಚೇರಿಯಲ್ಲಿ ನಿವೃತ್ತರಾದವರು ಅವರು.

“ಯಾರ್ದೋ ಇದು ವಂಶವೃಕ್ಷ? ಪೌತಿ ಖಾತೆಗೆ ಹಾಕಿದ್ಯಾ?”

“ಅಲ್ಲ ದೊಡ್ಡಪ್ಪ, ನಮ್ ಕಂಪನೀದು. ರೀಆರ್ಗ್ ಮಾಡ್ತಾ ಅದಾರೆ.”

“ಅಂದ್ರೆ ಸತ್ತಿಲ್ಲ, ಬರೀ ಪಾಲಾಗೈತೆ ಅನ್ನು.”

ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. ಹೊಸ ಬಾಸ್ ಯಾರು, ಯಾವ ಊರಿನವನು ಎಂಬುದೆಲ್ಲ ಅವರಿಗೆ ಬೇಡ. ನಿನ್ನ ಸರ್ವಿಸ್ ರಿಜಿಸ್ಟರ್ ಈಗ ಯಾರ ಬೀರುವಿನಲ್ಲಿದೆ? ಸಂಬಳದ ಬಿಲ್ಲಿಗೆ ರುಜು ಹಾಕುವವನು ಯಾರು? ಹಳಬನಿಂದ ಚಾರ್ಜ್ ಪಟ್ಟಿ ಬರೆಸಿಕೊಂಡೆಯಾ? ಇಷ್ಟೇ. ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ನೋಡಿದರೆ, ಎಚ್‌ಆರ್‌ನವರಲ್ಲೂ ಇರಲಿಲ್ಲ.

ದೊಡ್ಡಪ್ಪನಿಗೆ ಈ ವಿದ್ಯೆ ಬಂದದ್ದು 1997ರಲ್ಲಿ. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು, ನಮ್ಮದೇ ತಾಲ್ಲೂಕಿನ ಕಾರಿಗನೂರಿನವರು. ಜಿಲ್ಲೆಗಳ ಪುನರ್ರಚನೆ ಮಾಡಿದ ಸಿಇಒ ನಮ್ಮ ಟೀಮಿನಿಂದಲೇ ಹೋದವರೆಂದು ಊರವರಿಗೆ ಹೆಮ್ಮೆ. 20 ಜಿಲ್ಲೆಗಳ ರಾಜ್ಯ ಆ ಆಗಸ್ಟಿನಲ್ಲಿ 27 ಜಿಲ್ಲೆಗಳದ್ದಾಯಿತು. ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ, ಚಿತ್ರದುರ್ಗದಿಂದ ದಾವಣಗೆರೆ, ಹರಿಹರ, ಜಗಳೂರು, ಬಳ್ಳಾರಿಯಿಂದ ಹರಪನಹಳ್ಳಿ. ಇಷ್ಟನ್ನೂ ಸೇರಿಸಿ ದಾವಣಗೆರೆ ಜಿಲ್ಲೆ ಎಂದರು. ಆಡಳಿತವನ್ನು ಜನರ ಹತ್ತಿರಕ್ಕೆ ಒಯ್ಯುವುದು ಉದ್ದೇಶ. ಚನ್ನಗಿರಿ ಪೇಟೆಯವರಿಗೆ ಶಿವಮೊಗ್ಗವೇ ಹತ್ತಿರ, ದಾವಣಗೆರೆ ದೂರ ಎಂಬುದನ್ನು ದೊಡ್ಡಪ್ಪ ಇವತ್ತಿಗೂ ನಗುತ್ತಲೇ ಜ್ಞಾಪಿಸುತ್ತಾರೆ.

“ರಾತ್ರೋರಾತ್ರಿ ಜಿಲ್ಲೆ ಬದ್ಲಾತು. ಬೆಳಿಗ್ಗೆ ಹೋದ್ರೆ ಕಚೇರೀಲಿ ಸೀಲು ಶಿವಮೊಗ್ಗದ್ದು, ಫಾರಂ ಶಿವಮೊಗ್ಗದ್ದು. ಗೀಟು ಹೊಡ್ದು ಮ್ಯಾಲೆ ದಾವಣಗೆರೆ ಅಂತ ಬರ್ದಿದ್ದೇ ಬರ್ದಿದ್ದು. ನೀನೂ ಅದೇ ತಾನೆ ಮಾಡೋದು?”

ಅದೇ. ನಾವು ಅದಕ್ಕೆ ಡೇಟಾ ಮೈಗ್ರೇಶನ್ ಎನ್ನುತ್ತೇವೆ. ಸಂಬಳ ಕೊಂಚ ಜಾಸ್ತಿ. ಹೋಬಳಿ, ತಾಲ್ಲೂಕು, ಜಿಲ್ಲೆ ಏನು ಬದಲಾದರೂ ಹೊಲದ ಸರ್ವೆ ನಂಬರ್ ಮುಟ್ಟಬಾರದು ಎಂಬುದು ಅವರ ಇಲಾಖೆಯ ನೀತಿ. ನಮ್ಮಲ್ಲಿ ಆ ಮರ್ಯಾದೆ ಎಂಪ್ಲಾಯಿ ಐಡಿಗೆ ಮಾತ್ರ ಇದೆ. ಉಳಿದಂತೆ ನನ್ನ ಹುದ್ದೆ, ಇಲಾಖೆ, ಕಾಸ್ಟ್ ಸೆಂಟರ್, ಮೇಲಿನ ಕೆಳಗಿನ ಸಹಿ, ಯಾವುದನ್ನೂ ಯಾವತ್ತು ಬೇಕಾದರೂ ಗೀಟು ಹೊಡೆಯಬಹುದು.

ಹೊಸ ಚಾರ್ಟಿನಲ್ಲಿ ನನಗೆ ಇಬ್ಬರು ಮ್ಯಾನೇಜರುಗಳು. ಒಬ್ಬರಿಗೆ ಸಾಲಿಡ್ ಲೈನ್, ಇನ್ನೊಬ್ಬರಿಗೆ ಡಾಟೆಡ್ ಲೈನ್. ದೊಡ್ಡಪ್ಪನಿಗೆ ಇದನ್ನು ಹೇಗೆ ವಿವರಿಸುವುದಪ್ಪಾ ಎಂದು ತಡವರಿಸುತ್ತಿದ್ದರೆ ಅವರು ಹೊರಗೆ ಕೈ ತೋರಿಸಿದರು.

ನಮ್ಮೂರು ಕಂದಾಯ ಕಟ್ಟುವುದು ದಾವಣಗೆರೆ ಜಿಲ್ಲೆಗೆ. ಆದರೆ ಊರಿನ ಕೃಷಿ ಸಂಶೋಧನಾ ಕೇಂದ್ರ ಮೊದಲು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ್ದು, ಈಗ 2012ರಲ್ಲಿ ಹುಟ್ಟಿದ ಶಿವಮೊಗ್ಗದ ವಿಶ್ವವಿದ್ಯಾಲಯದ್ದು. ಗದ್ದೆಗೆ ನಾಲೆಯಲ್ಲಿ ಬರುವುದು ಭದ್ರೆಯ ನೀರು. ಅಣೆಕಟ್ಟು ಇರುವುದು ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಯಲ್ಲಿ. ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಕಾಡಾ) ಕಚೇರಿ ಶಿವಮೊಗ್ಗದಲ್ಲಿ. ಡೇರಿಗೆ ಹಾಕಿದ ಹಾಲು ಮೂರು ಜಿಲ್ಲೆಗೆ ಒಂದೇ ಆದ ಶಿವಮೊಗ್ಗದ ಒಕ್ಕೂಟಕ್ಕೆ ಹೋಗುತ್ತದೆ. ಕರೆಂಟು ಮಾತ್ರ ಬೆಸ್ಕಾಂನದು, ಶಿವಮೊಗ್ಗದವರದು ಮೆಸ್ಕಾಂ. ಆ ಕಥೆ ಬೇರೆಯೇ ಇದೆ: 1999ರಲ್ಲಿ ವಿದ್ಯುತ್ ಮಂಡಳಿ ಹೋಗಿ ಕೆಪಿಟಿಸಿಎಲ್ ಬಂತು, 2002ರಲ್ಲಿ ಅದರಿಂದ ಬೆಸ್ಕಾಂ ಮೆಸ್ಕಾಂಗಳು ಹುಟ್ಟಿದವು, ಇಷ್ಟಾದರೂ ಫ್ಯೂಸ್ ಹೋದರೆ ಅವ್ವ ಹೇಳುವುದು ‘ಕೆಇಬಿಯೋರಿಗೆ ಫೋನ್ ಮಾಡು’ ಎಂದೇ. ಲೈನ್‌ಮನ್ ಕೂಡ ಆ ಹೆಸರಿಗೇ ಓಗೊಡುತ್ತಾನೆ.

“ಕಂದಾಯ ಕಟ್ಟಿಸ್ಕೊಳ್ಳೋದು ಸಾಲಿಡ್ ಲೈನು, ನೀರು ಬಿಡೋದು ಡಾಟೆಡ್ ಲೈನು,” ಎಂದರು ದೊಡ್ಡಪ್ಪ. “ಕಷ್ಟ ಬಂದಾಗ ಯಾರ್ ಹತ್ರ ಹೋಗ್ಬೇಕು, ನೀನೇ ಹೇಳು.”

ನಮ್ಮ ಟೀಮಿನಲ್ಲಿ ಹರಪನಹಳ್ಳಿಯ ಹುಡುಗನೊಬ್ಬನಿದ್ದಾನೆ. ಟೌನ್ ಹಾಲ್ ಮೀಟಿಂಗಿನಲ್ಲಿ ಎಲ್ಲರೂ ಬೆವರುತ್ತಿದ್ದಾಗ ಅವನೊಬ್ಬ ಮಂಡಕ್ಕಿ ತಿನ್ನುತ್ತಿದ್ದ. ಅವನ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಬಳ್ಳಾರಿಗೆ ಮರಳುವಂತೆ ಜನ ಹಟ ಹಿಡಿದದ್ದು ಸಂವಿಧಾನದ 371 (ಜೆ) ವಿಧಿ ಆ ಭಾಗಕ್ಕೆ ಕೊಡುವ ಸವಲತ್ತಿಗಾಗಿ. ಟೀಮ್ ಬದಲಿಸುವುದಾದರೆ ಅಲವೆನ್ಸ್ ಎಷ್ಟು ಎಂದು ಮೊದಲು ಕೇಳಬೇಕೆಂಬ ಬುದ್ಧಿ ಅವನಿಗೆ ಮಣ್ಣಿನಿಂದಲೇ ಬಂದಿದೆ. ನ್ಯಾಮತಿಯದು ಇನ್ನೊಂದು ಬಗೆ: ಹೊನ್ನಾಳಿಯ ಕೆಳಗಿದ್ದದ್ದು ತಾನೇ ತಾಲ್ಲೂಕಾಗಿ ಬಡ್ತಿ ಪಡೆಯಿತು. ಜಗಳೂರಿಗೆ ಜಿಲ್ಲೆ ಬದಲಾದ ಮಾತ್ರಕ್ಕೆ ನೀರು ಬರಲಿಲ್ಲ. ಭದ್ರಾ ಮೇಲ್ದಂಡೆ ಯೋಜನೆಯ ರೋಡ್‌ಮ್ಯಾಪಿನಲ್ಲಿ ಅದರ ಹೆಸರಿದೆ. ರೋಡ್‌ಮ್ಯಾಪಿನಲ್ಲಿ ಇರುವುದು ಎಂದರೇನೆಂದು ನಮ್ಮ ಉದ್ಯಮದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹೀಗೆ ಒಡೆದು ಕಟ್ಟುವುದು ನಮ್ಮ ಕಂಪನಿಯೊಂದರ ಚಾಳಿಯಲ್ಲ. ವಿಪ್ರೊ 2021ರ ಜನವರಿಯಿಂದ ತನ್ನನ್ನು ನಾಲ್ಕು ಮಾರುಕಟ್ಟೆ ಘಟಕ, ಎರಡು ಬಿಸಿನೆಸ್ ಲೈನ್ ಎಂದು ಜೋಡಿಸಿಕೊಂಡಿತು; 2023ರ ಏಪ್ರಿಲ್‌ನಲ್ಲಿ ಆ ಎರಡು ಲೈನು ನಾಲ್ಕಾದವು. ಎಚ್‌ಪಿ 2015ರಲ್ಲಿ ಎರಡು ಕಂಪನಿಯಾಯಿತು. 1999ರಲ್ಲಿ ಶುರುವಾದ ನಮ್ಮ ಬೆಂಗಳೂರಿನ ಮೈಂಡ್‌ಟ್ರೀ 2022ರ ನವೆಂಬರ್‌ನಲ್ಲಿ ಎಲ್ ಆ್ಯಂಡ್ ಟಿ ಇನ್ಫೋಟೆಕ್ ಜೊತೆ ಒಂದಾಯಿತು. ಒಡೆಯುವವರಿಗೂ ಕೂಡಿಸುವವರಿಗೂ ಕಾರಣ ಕೇಳಿದರೆ ಗ್ರಾಹಕರ ಹತ್ತಿರಕ್ಕೆ ಹೋಗುವುದು ಎನ್ನುತ್ತಾರೆ. ಚನ್ನಗಿರಿಯವನಾದ್ದರಿಂದ ನನಗೆ ಆ ಮಾತಿನಲ್ಲಿ ಸ್ವಲ್ಪ ಅನುಮಾನ.

ನಗುವುದೆಲ್ಲ ಚೌಕಗಳು ಜಾಗ ಬದಲಿಸುವವರೆಗೆ. ಕಡಿಮೆಯಾಗತೊಡಗಿದರೆ ಬಾಯಿ ಕಟ್ಟುತ್ತದೆ. 2025ರ ಜುಲೈನಲ್ಲಿ ಟಿಸಿಎಸ್ ಸುಮಾರು 12,000 ಮಂದಿಯನ್ನು ಬಿಡುವುದಾಗಿ ಹೇಳಿದಾಗ ಬೆಂಗಳೂರಿನ ಎಷ್ಟು ಮನೆಗಳಲ್ಲಿ ಗೃಹಸಾಲದ ಕಂತಿನ ಲೆಕ್ಕ ಮತ್ತೆ ತೆಗೆದರೋ. ಆ ಮಾತಿನ ನಡುವೆ ಬೆಂಚ್ ಎಂದುಬಿಟ್ಟೆ, ಹಾಗೆಂದರೇನು ಎಂದು ದೊಡ್ಡಪ್ಪ ಕೇಳಿದರು. ಪ್ರಾಜೆಕ್ಟ್ ಇಲ್ಲದೆ ಕಾಯುವುದು ಎಂದೆ. “ಓ, ಸ್ಥಳ ತೋರಿಸದೆ ವರ್ಗಾವಣೆ! ನಾನೂ ಒಂದ್ಸಲ ಅನುಭವಿಸೀನಿ. ಮನ್ಯಾಗಿದ್ರೂ ಸಂಬಳ ಬರ್ತಿತ್ತು, ಆಮ್ಯಾಲೆ ಸ್ಥಳಾನೂ ಬಂತು.” ನಮ್ಮಲ್ಲಿ ಸ್ಥಳ ಬರದೆ ಎಚ್‌ಆರ್ ಬರುತ್ತಾರೆ ಎಂದೆ. ಅವರು ಸ್ವಲ್ಪ ಹೊತ್ತು ಎಲೆಗೆ ಸುಣ್ಣ ಹಚ್ಚುತ್ತ ಕೂತರು. ಆಮೇಲೆ, ತೋಟ ಹೆಂಗೂ ಐತಲ್ಲ ಎಂದರು.

ತೋಟದ್ದೇ ಪ್ರಸಂಗವಾಯಿತು. ಅಡಿಕೆ ಕೊಯ್ಲಿಗೆಂದು ರಜೆ ಹಾಕಿದೆ. ಸಾಲಿಡ್ ಲೈನಿನವರು ಒಪ್ಪಿದರು. ಡಾಟೆಡ್ ಲೈನಿನವರು ತಾವೇನು ಕಡಿಮೆಯೆಂದು ಅವರೂ ಒಪ್ಪಿದರು. ಒಪ್ಪಿಗೆ ಎರಡು ಬಂದದ್ದರಿಂದ ನನ್ನ ಖಾತೆಯಿಂದ ರಜೆಯೂ ಎರಡು ಪಟ್ಟು ಕಳೆಯಿತು. ಸಾಫ್ಟ್‌ವೇರ್ ಎಂಬುದು ಅದನ್ನು ಬರೆದ ಸಂಸ್ಥೆಯ ಮುಖದ ಪಡಿಯಚ್ಚೇ ಆಗಿರುತ್ತದೆ ಎಂದು ಮೆಲ್ವಿನ್ ಕಾನ್ವೇ ಎಂಬಾತ 1968ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಸಾಫ್ಟ್‌ವೇರಿನಲ್ಲಂತೂ ಅಳಿದುಹೋದ ಆಡಳಿತಗಳೆಲ್ಲ ಇನ್ನೂ ಜೀವಂತವಾಗಿವೆ: ಮುಚ್ಚಿದ ಇಲಾಖೆಗಳ ಹೆಸರಿನ ಫೋಲ್ಡರುಗಳು, ಎಂದೋ ಬಿಟ್ಟುಹೋದ ಮ್ಯಾನೇಜರ ಹೆಸರಿಗೆ ಹೋಗುವ ಮೇಲುಗಳು. ಅಪೀಲು ಹಾಕು ಎಂದರು ದೊಡ್ಡಪ್ಪ. ಟಿಕೆಟ್ ಹಾಕಿದೆ. ಅದು ಮೊದಲು ಈಗ ಇಲ್ಲದ ಒಂದು ಇಲಾಖೆಗೆ ಹೋಯಿತು, ಅಲ್ಲಿ ತೆಗೆದುಕೊಳ್ಳುವವರಿಲ್ಲದೆ ನಮ್ಮ ತಂಡಕ್ಕೆ ಬಂತು, ಆ ವಾರದ ಡ್ಯೂಟಿ ನನ್ನದೇ ಆದ್ದರಿಂದ ನನ್ನ ಮುಂದೆಯೇ ಬಂದು ನಿಂತಿತು.

ನನ್ನ ರಜೆಯನ್ನು ನಾನೇ ವಾಪಸು ಹಾಕಿಕೊಳ್ಳುವಂತಿಲ್ಲ, ಮ್ಯಾನೇಜರ್ ಒಪ್ಪಬೇಕು. ಪದ್ಧತಿಯಂತೆ ಇಬ್ಬರಿಗೂ ಕಳಿಸಿದೆ. ಇಬ್ಬರೂ ಒಪ್ಪಿದರು. ಹೆಚ್ಚಾಗಿ ಕಳೆದುಹೋಗಿದ್ದ ರಜೆ ಎರಡು ಪಟ್ಟು ವಾಪಸು ಬಂದು, ನಾನು ಕೊಯ್ಲಿಗೆ ರಜೆಯನ್ನೇ ಹಾಕಿಲ್ಲ ಎಂಬಂತಾಯಿತು.

ದೊಡ್ಡಪ್ಪನಿಗೆ ಪರದೆ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ಲೆಕ್ಕ ತಾಳೆ ನೋಡಿ, ದನಿ ತಗ್ಗಿಸಿ ಹೇಳಿದರು: “ಯಾರಿಗೂ ಹೇಳ್ಬ್ಯಾಡ. ಆಡಿಟ್‌ನೋರು ಬಂದಾಗ ನೋಡ್ಕಂಡ್ರಾತು.”