ಒಂಟಿ ಸೀನು

1971ರ ಸೆಪ್ಟೆಂಬರ್ 2ಕ್ಕಿಂತ ಮುಂಚೆ ಹುಟ್ಟಿದವರಿಗೆ ಬೇಟೆಯ ಪಾಠ ಬೇಕಿಲ್ಲ ಎಂಬುದು ಟೆಕ್ಸಾಸ್ ರಾಜ್ಯದ ತೀರ್ಮಾನ. ಅಂದು ಮತ್ತು ಆಮೇಲೆ ಹುಟ್ಟಿದವರು ಪಾಠ ಓದಬೇಕು, ಪರೀಕ್ಷೆ ಬರೆಯಬೇಕು, ಪಾಸಾದ ಚೀಟಿ ಜೇಬಿನಲ್ಲಿಟ್ಟುಕೊಂಡೇ ಕಾಡಿಗಿಳಿಯಬೇಕು. ನನ್ನ ಅಳಿಯ ಆಮೇಲಿನವನು. ಪಾಪ, ಆಫೀಸು ಮುಗಿಸಿ ಬಂದು ರಾತ್ರಿ ಕಂಪ್ಯೂಟರಿನ ಮುಂದೆ ಕೂತು ಓದಿ ಪಾಸಾದ. ನಾನು ಹುಡುಗರಿಗೆ ಇತಿಹಾಸ ಹೇಳಿ ನಿವೃತ್ತನಾದವನು. ಕೋವಿಯ ಯಾವ ತುದಿಯಿಂದ ಈಡು ಹೊರಡುತ್ತದೆ ಎಂಬುದನ್ನು ಅಂದಾಜಿನಲ್ಲಿ ಹೇಳಬಲ್ಲೆ, ಅಷ್ಟೆ. ಆದರೂ ಜನ್ಮದಿನಾಂಕದ ಬಲವೊಂದರಿಂದಲೇ ನಾನು ಪರಿಣತನೆಂದು ಸರ್ಕಾರ ಒಪ್ಪಿಬಿಟ್ಟಿತು.

ಪ್ರವಾಸಿ ವೀಸಾದಲ್ಲಿ ಬಂದವರು ಅಮೆರಿಕದಲ್ಲಿ ಬಂದೂಕು ಮುಟ್ಟುವ ಹಾಗಿಲ್ಲವಂತೆ. ಆದರೆ ಬೇಟೆಯ ಲೈಸೆನ್ಸ್ ಕೊಂಡರೆ ಮುಟ್ಟಬಹುದಂತೆ. ಹೊರಗಿನವರಿಗೆ ವಸಂತಕಾಲದ ಟರ್ಕಿ ಕೋಳಿಗೆಂದೇ ಒಂದು ಲೈಸೆನ್ಸ್ ಇದೆ, 126 ಡಾಲರ್. ಅದರ ಮೇಲೆ 7 ಡಾಲರಿನ ಇನ್ನೊಂದು ಚೀಟಿ. ವೀಸಾ ಕೇಳಲು ಚೆನ್ನೈಗೆ ಹೋದಾಗ ಪಹಣಿ, ಪೆನ್ಷನ್ ಪತ್ರ, ಮನೆ ಕಂದಾಯದ ರಸೀದಿ ಎಲ್ಲ ಹೊತ್ತುಕೊಂಡು ಹೋಗಿದ್ದೆ. ಇಲ್ಲಿ ಕ್ರೀಡಾ ಸಾಮಾನಿನ ಅಂಗಡಿಯ ಹುಡುಗಿ ಪಾಸ್‌ಪೋರ್ಟ್ ನೋಡಿ, ಕಣ್ಣಿನ ಬಣ್ಣ ಕೇಳಿ, ಬೇಟೆಗೆ ಶುಭ ಹಾರೈಸಿ ಕಳಿಸಿದಳು.

ಇಷ್ಟಕ್ಕೆಲ್ಲ ಮೂಲ ನನ್ನ ನಾಲಿಗೆ. ಕೊಪ್ಪದ ಕಡೆಯ ನಮ್ಮ ಅಜ್ಜ ಹೆಸರಾಂತ ಶಿಕಾರಿ. ಕೇಪಿನ ಕೋವಿ ಹಿಡಿದು ರಾತ್ರಿಯಿಡೀ ಮರಸು ಕೂರುತ್ತಿದ್ದುದು, ಸೋವಿನಲ್ಲಿ ಹಂದಿ ಎದುರಿಗೇ ನುಗ್ಗಿದ್ದು, ಇವನ್ನೆಲ್ಲ ಆಸ್ಟಿನ್ನಿನ ಮಗಳ ಮನೆಯಲ್ಲಿ ಊಟದ ಹೊತ್ತಿಗೆ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ 'ಅಜ್ಜ ಹೊಡೆದ' ಎನ್ನುವುದು 'ಹೊಡೆದ್ವಿ' ಆಯಿತು. ನನ್ನ ಕಾಲಕ್ಕೆ ಉಳಿದ ನಿಜವಾದ ಶಿಕಾರಿ ಬೇರೆಯೇ. ನಮ್ಮ ಮನೆಯ ಕೋವಿಗೆ ಬೆಳೆ ರಕ್ಷಣೆಯ ಲೈಸೆನ್ಸ್ ಇದೆ. ಪಂಚಾಯ್ತಿಯಿಂದ ಲೋಕಸಭೆಯವರೆಗೆ ಯಾವ ಚುನಾವಣೆ ಬಂದರೂ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಸ್ಕೂಟರಿಗೆ ಕಟ್ಟಿ, ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಫಲಿತಾಂಶ ಬಂದ ಮೇಲೆ ಹೋಗಿ ಬಿಡಿಸಿಕೊಂಡು ಬರಬೇಕು. ಆ ಕೋವಿ ಕಾಡಿಗಿಂತ ಠಾಣೆಯನ್ನೇ ಹೆಚ್ಚು ಕಂಡಿದೆ. ಈ ಭಾಗವನ್ನು ನಾನು ಊಟದ ಹೊತ್ತಿನಲ್ಲಿ ಹೇಳಿರಲಿಲ್ಲ.

ಹಾಗಾಗಿ ಅರವತ್ತು ತುಂಬಿದ್ದಕ್ಕೆ ಶಾಂತಿಹೋಮ ಮಾಡಿಸುವ ಬದಲು ಮಗಳು-ಅಳಿಯ ಸೇರಿ, ಗೈಡ್ ಸಮೇತ ಟರ್ಕಿ ಬೇಟೆಯ ಉಡುಗೊರೆ ಕೊಟ್ಟರು. "ಮಾವ, ನಿಮ್ಮ ಹಳೇ ದಿನಗಳೆಲ್ಲ ನೆನಪಾಗುತ್ತೆ ನೋಡಿ" ಅಂದ ಅಳಿಯ. ನಮ್ಮವಳು ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತದೆಯೇ, "ಜಿರ್ಲೆ ಕಂಡ್ರೆ ಸ್ಟೂಲ್ ಹತ್ತೋರು" ಅಂದಳು. ಆದರೂ ಹೊರಡುವಾಗ ಹಣೆಗೆ ಕುಂಕುಮ ಇಟ್ಟಳು. ಮಾರನೆಯ ದಿನಕ್ಕೂ ಇರಲೆಂದು ಒಂದು ಪೊಟ್ಟಣ ಕಟ್ಟಿಕೊಟ್ಟಳು.

ಆಸ್ಟಿನ್ನಿನ ಪಶ್ಚಿಮಕ್ಕೆ ಹಿಲ್ ಕಂಟ್ರಿ. ಸುಣ್ಣಕಲ್ಲಿನ ಗುಡ್ಡ, ಪಾಪಾಸುಕಳ್ಳಿ, ಲೈವ್ ಓಕ್ ಮರ. ಟೆಕ್ಸಾಸಿನ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ನೆಲ ಖಾಸಗಿಯವರದು, ಆದ್ದರಿಂದ ಬೇಟೆ ಎಂದರೆ ಯಾರದಾದರೂ ರಾಂಚಿನೊಳಗೆ ದುಡ್ಡು ಕೊಟ್ಟು ಕಾಲಿಡುವುದು. ರಾತ್ರಿ ರಾಂಚಿನ ಊಟದ ಮೇಜಿನಲ್ಲಿ ಇನ್ನೊಬ್ಬ ಅತಿಥಿಯಿದ್ದ. ಈಸ್ಟರ್ನ್, ಆಸಿಯೋಲಾ, ಮೆರಿಯಮ್, ರಿಯೋ ಗ್ರಾಂಡೆ ಎಂದು ಟರ್ಕಿಯಲ್ಲಿ ಒಳಜಾತಿಗಳಿವೆ. ಈ ನಾಲ್ಕನ್ನೂ ಹೊಡೆದರೆ 'ಗ್ರ್ಯಾಂಡ್ ಸ್ಲ್ಯಾಮ್'. ಈತನಿಗೆ ಮೂರು ಆಗಿತ್ತು. ಮೂರರದ್ದೂ ಫೋಟೋ, ಗಡ್ಡದ ಉದ್ದ, ಕಾಲಿನ ಮುಳ್ಳಿನ ಉದ್ದ ಎಲ್ಲ ತೋರಿಸಿದ. ಟರ್ಕಿಗೆ ಗಡ್ಡ ಎದೆಯಲ್ಲಿ ಇರುತ್ತದೆ. ಆಮೇಲೆ, ನೀವು ಇಂಡಿಯಾದಲ್ಲಿ ಆನೆ ಮೇಲೆ ಕೂತು ಹುಲಿ ಹೊಡೀತೀರಂತಲ್ಲ ಎಂದು ಕೇಳಿದ. ನಮ್ಮಲ್ಲಿ 1972ರ ಕಾಯ್ದೆಯಿಂದ ಎಲ್ಲ ಬಂದ್ ಆಗಿದೆಯೆಂದು ಹೇಳಬೇಕಾದ ನಾನು, ಏನು ಗ್ರಹಚಾರವೋ, ಹುಲಿಯ ವಿಷಯ ಬೇಡ ಎಂಬ ಭಾವದಲ್ಲಿ ಕಣ್ಣು ಮುಚ್ಚಿ ತಲೆಯಾಡಿಸಿದೆ. ಆತನಿಗೆ ನನ್ನ ಮೇಲೆ ಗೌರವ ಹುಟ್ಟಿತು. ಅಳಿಯ ಎದ್ದು ನೀರು ತರಲು ಹೋದ.

ನಸುಕಿಗೆ ಮುಂಚೆ ಎಬ್ಬಿಸಿದರು. ಎಲೆಯ ಚಿತ್ತಾರದ ಪ್ಯಾಂಟು, ಅಂಗಿ, ಕೈಗವಸು, ಮುಖಕ್ಕೆ ಬಲೆ. ಗೈಡ್ ಟಾರ್ಚು ಹಿಡಿದು ನನ್ನನ್ನು ಸುತ್ತು ಬಂದು ನೋಡಿ, ಹಣೆಯ ಹತ್ತಿರ ಬಂದವನು ನಿಂತುಬಿಟ್ಟ. ಕುಂಕುಮ ಅಳಿಸಬೇಕಂತೆ. ಈ ದೇಶದಲ್ಲಿ ಕೆಂಪು, ಬಿಳಿ, ನೀಲಿ ಇಲ್ಲದ ಜಾಗವಿಲ್ಲ. ಪೆಟ್ರೋಲ್ ಬಂಕು, ಪಿಕಪ್ ಟ್ರಕ್ಕು, ಸ್ನಾನದ ಟವೆಲ್ಲು ಎಲ್ಲ ಅದೇ. ಟರ್ಕಿ ಬೇಟೆಗೆ ಹೊರಟವನು ಮಾತ್ರ ಆ ಮೂರನ್ನೂ ಮೈಮೇಲೆ ಹಾಕಬಾರದು. ಗಂಡು ಟರ್ಕಿಯ ತಲೆಯ ಬಣ್ಣ ಅವೇ ಮೂರು. ಪೊದೆಯಾಚೆ ಕೂತ ಇನ್ನೊಬ್ಬ ಬೇಟೆಗಾರ ಹಕ್ಕಿಯೆಂದು ತಿಳಿದು ಹೊಡೆದಾನು. ಬೆಂಜಮಿನ್ ಫ್ರಾಂಕ್ಲಿನ್ 1784ರಲ್ಲಿ ಮಗಳಿಗೆ ಬರೆದ ಕಾಗದದಲ್ಲಿ, ಬೋಳುತಲೆ ಹದ್ದಿಗಿಂತ ಟರ್ಕಿಯೇ ಮರ್ಯಾದಸ್ಥ ಹಕ್ಕಿ ಎಂದಿದ್ದರು. ಬಾವುಟದ ಬಣ್ಣ ಆಗಲೇ ತಲೆಯ ಮೇಲಿದೆ ಎಂಬುದನ್ನು ವಾದಕ್ಕೆ ಬಳಸಿಕೊಳ್ಳಲಿಲ್ಲವಲ್ಲ ಎಂದು ನನಗೆ ಬೇಸರ. ಕುಂಕುಮ ಒರೆಸಿಕೊಂಡೆ. ಚುನಾವಣೆ ಇಲ್ಲದಿದ್ದರೂ ಏನೋ ಒಪ್ಪಿಸಿ ಬಂದ ಭಾವನೆ.

ಕತ್ತಲಲ್ಲಿ ಹಳ್ಳದ ಕಡೆ ನಡೆದು ಒಂದು ಲೈವ್ ಓಕ್ ಮರದ ಬುಡಕ್ಕೆ ಬೆನ್ನು ಕೊಟ್ಟು ಕೂತೆವು. ಮುಂದೆ ಇಪ್ಪತ್ತು ಗಜದಲ್ಲಿ ರಬ್ಬರಿನ ಹೆಣ್ಣು ಟರ್ಕಿಯೊಂದನ್ನು ನಿಲ್ಲಿಸಿದ್ದರು. ಅಳಿಯ ಹಿಂದಿನ ಪೊದೆಯಲ್ಲಿ, ವಿಡಿಯೋ ತೆಗೆಯಲು. ನನ್ನ ಮೊಣಕಾಲ ಮೇಲೆ ಹನ್ನೆರಡು ಬೋರಿನ ಕೋವಿ. ಗೈಡ್ ಕಿವಿಯಲ್ಲಿ ಹೇಳಿದ್ದು ಇಷ್ಟೇ: ಅಲುಗಬೇಡ. ಟರ್ಕಿಗೆ ಮೂಗು ಚುರುಕಿಲ್ಲ, ಆದರೆ ಕಣ್ಣು ತಲೆಯ ಎರಡು ಪಕ್ಕಕ್ಕಿರುವುದರಿಂದ ಹಿಂದೆ ಸ್ವಲ್ಪ ಬಿಟ್ಟು ಸುತ್ತಲೂ ಕಾಣುತ್ತದೆ, ಬಣ್ಣವೂ ಕಾಣುತ್ತದೆ. ರೆಪ್ಪೆ ಹೊಡೆಯುವುದೂ ನೋಡಿಕೊಂಡು ಹೊಡಿ.

ಅವನು ಗೂಬೆಯ ಹಾಗೆ ಕೂಗಿದ. ರಾತ್ರಿ ಮರದ ಮೇಲೆ ಮಲಗುವ ಗಂಡು ಟರ್ಕಿ ವಸಂತದಲ್ಲಿ ಎಷ್ಟು ಸಿಡುಕಾಗಿರುತ್ತದೆ ಎಂದರೆ ಗೂಬೆ, ಕಾಗೆ, ಗುಡುಗು, ಕಾರಿನ ಬಾಗಿಲು, ಯಾವುದು ಸದ್ದು ಮಾಡಿದರೂ ತಡೆಯಲಾರದೆ ಮಾರುತ್ತರ ಕೊಡುತ್ತದೆ. ಕೊಟ್ಟರೆ ಅದರ ಮರ ಯಾವುದೆಂದು ಗೊತ್ತಾಗುತ್ತದೆ. ಅಂದು ಏನೂ ಉತ್ತರ ಬರಲಿಲ್ಲ. ಮತ್ತೆ ಕೂಗಿದ. ಇಲ್ಲ.

ಆಗ ನನ್ನ ಮೂಗಿನ ಮೇಲ್ತುದಿಯಲ್ಲಿ ಏನೋ ಶುರುವಾಯಿತು. ಏಪ್ರಿಲ್ ತಿಂಗಳಲ್ಲಿ ಓಕ್ ಮರದ ಹಳದಿ ಪರಾಗ ಆ ಸೀಮೆಯ ಕಾರು, ಕಿಟಕಿ, ಜನರ ಶ್ವಾಸಕೋಶ ಎಲ್ಲದರ ಮೇಲೂ ಭೇದವಿಲ್ಲದೆ ಕೂರುತ್ತದೆ. ನಾನು ಕೂತಿದ್ದುದು ಅದರ ಬುಡದಲ್ಲೇ. ಸೀನು ಒಮ್ಮೆಗೇ ಬರುವ ಜಾತಿಯದಲ್ಲ. ಮೊದಲು ಇಣುಕುತ್ತದೆ, ಮನೆಯಲ್ಲಿ ಯಾರಿದ್ದಾರೆ ನೋಡುತ್ತದೆ, ಹಿಂದೆ ಸರಿಯುತ್ತದೆ, ನಾವು ನಿರಾಳವಾಗುವುದನ್ನೇ ಕಾಯುತ್ತದೆ. ಮೇಲ್ತುಟಿ ಒತ್ತಿ ಹಿಡಿದರೆ ನಿಲ್ಲುತ್ತದೆ, ಕೈ ಎತ್ತುವಂತಿಲ್ಲ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿದೆ. ಶುಷ್ಕವಾದುದನ್ನು ನೆನೆದರೆ ಹೋಗಬಹುದೆಂದು ವೇತನ ಆಯೋಗದ ಬಾಕಿ ನೆನೆದೆ. ಅದರಿಂದ ಕಣ್ಣಲ್ಲಿ ನೀರು ಬಂತೇ ಹೊರತು ಸೀನು ಹೋಗಲಿಲ್ಲ. ಕೊನೆಗೆ ಕುಲಕಸುಬಿಗೆ ಶರಣಾಗಿ ಮೊಘಲರನ್ನು ವರಸೆಯಾಗಿ ಹೇಳಿಕೊಳ್ಳತೊಡಗಿದೆ. ಬಾಬರ್. ಹುಮಾಯೂನ್. ಸೀನು ಒಂದು ಮೆಟ್ಟಿಲು ಇಳಿಯಿತು. ಅಕ್ಬರ್, ದೀರ್ಘ ಆಳ್ವಿಕೆ, ನಿಧಾನವಾಗಿ ದಾಟಿದೆ. ಜಹಾಂಗೀರ್. ಅಲ್ಲಿ ಎಡವಿದೆ. 1612ರಲ್ಲಿ ಮುಕರ್ರಬ್ ಖಾನ್ ಗೋವೆಯ ಬಂದರಿನಿಂದ ಜಹಾಂಗೀರನ ಆಸ್ಥಾನಕ್ಕೆ ತಂದ ವಿಚಿತ್ರ ಪ್ರಾಣಿಗಳಲ್ಲಿ ಒಂದು ಟರ್ಕಿ ಕೋಳಿಯೂ ಇತ್ತಲ್ಲ! ಬಾದಶಹ ಅದನ್ನು ಉಸ್ತಾದ್ ಮನ್ಸೂರನಿಂದ ಬರೆಸಿದ್ದ. ಆ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಮ್ಮಿನಲ್ಲಿದೆ. ಇಷ್ಟೆಲ್ಲ ವರ್ಷ ಪಾಠ ಮಾಡಿಯೂ ಹುಡುಗರಿಗೆ ಇದನ್ನು ಹೇಳಲಿಲ್ಲವಲ್ಲ ಎಂಬ ಸಂತೋಷ-ಸಂಕಟದಲ್ಲಿ ಒಂದು ಗಳಿಗೆ ಮೈಮರೆತೆ. ಷಹಜಹಾನ್ ಬರುವಷ್ಟರಲ್ಲಿ ಸೀನು ಬಂತು.

ನಮ್ಮ ವಂಶದ ಸೀನು ಸಣ್ಣದಲ್ಲ. ಅಜ್ಜ ಜಗಲಿಯಲ್ಲಿ ಸೀನಿದರೆ ಕೊಟ್ಟಿಗೆಯಲ್ಲಿ ಎಮ್ಮೆ ಎದ್ದು ನಿಲ್ಲುತ್ತಿತ್ತು. ಮುಖದ ಬಲೆ ಮುಂದಕ್ಕೆ ಹಾರಿತು, ಸದ್ದು ಹಳ್ಳಕ್ಕೆ ಇಳಿದು ಆಚೆಯ ಸುಣ್ಣಕಲ್ಲಿಗೆ ಬಡಿದು ವಾಪಸು ಬಂತು. ಗೈಡ್ ಕಣ್ಣು ಮುಚ್ಚಿದ.

ಆಗ ಹಳ್ಳದ ಮರಗಳಿಂದ, ಸ್ಪಷ್ಟವಾಗಿ, ಕೋಪದಿಂದ: ಗುಳುಗುಳುಗುಳುಗುಳು!

ಗೈಡ್ ಕಣ್ಣು ತೆರೆದ. ನನ್ನನ್ನು ನೋಡಿದ. ಎರಡು ಸಲ ಗೂಬೆಯಾದರೂ ಸಿಗದ ಉತ್ತರ ನನ್ನ ಮೂಗಿಗೆ ಸಿಕ್ಕಿತ್ತು. ಅವನು ಬೆರಳನ್ನು ಮೆಲ್ಲಗೆ ತಿರುಗಿಸಿ, ಇನ್ನೊಮ್ಮೆ, ಎಂದು ಸನ್ನೆ ಮಾಡಿದ. ಇನ್ನೊಮ್ಮೆ! ಅವನಿಗೇನು ಗೊತ್ತು, ನನಗೂ ಅದೇ ಬೇಕಿತ್ತು. ಒಂಟಿ ಸೀನು ಅಪಶಕುನ. ಹೊರಟ ಕೆಲಸ ನಿಲ್ಲಿಸಿ, ಕೂತು, ನೀರು ಕುಡಿದು ಮತ್ತೆ ಹೊರಡಬೇಕು. ಇಲ್ಲವೇ ಇನ್ನೊಂದು ಸೀನು ಬಂದು ಜೋಡಿಯಾಗಬೇಕು. ನಾನು ಸೀನಿದಾಗೆಲ್ಲ ಅಜ್ಜಿ "ಇನ್ನೊಂದು ಸೀನೋ ಮಗಾ" ಎಂದು ಕಾದು ನಿಲ್ಲುತ್ತಿದ್ದಳು. ಈಗ ಅಜ್ಜಿಯ ಜಾಗದಲ್ಲಿ ಆರಡಿಯ ಟೆಕ್ಸನ್ ಕಾದಿದ್ದ. ಬೆಳಕಿನ ಕಡೆ ನೋಡಿದರೆ ಬರುತ್ತದೆಂದು ಪೂರ್ವಕ್ಕೆ ಮುಖ ಮಾಡಿದೆ; ಸೂರ್ಯ ಇನ್ನೂ ಎದ್ದಿರಲಿಲ್ಲ. ಪರಾಗವನ್ನು ಬೇಕೆಂದೇ ಒಳಗೆಳೆದೆ. ಷಹಜಹಾನ್, ಔರಂಗಜೇಬ್, ಬಹಾದುರ್ ಷಾವರೆಗೂ ಹೋಗಿ ಬಂದೆ. ಕರೆದಾಗ ಬರುವ ಸ್ವಭಾವ ಅದಕ್ಕಿಲ್ಲ.

ಗೈಡ್ ಬಿಟ್ಟುಕೊಟ್ಟ. ಬಿಲ್ಲೆಯಂಥ ಸ್ಲೇಟಿನ ಮೇಲೆ ಕಡ್ಡಿ ಉಜ್ಜಿ ಹೆಣ್ಣು ಟರ್ಕಿಯ ಸಣ್ಣ ದನಿ ಹೊರಡಿಸಿದ. ಮರಗಳಿಂದ ದಪ್ಪ ರೆಕ್ಕೆಗಳು ದಬದಬ ಇಳಿದವು. ಮತ್ತೆ ಬಹಳ ಹೊತ್ತು ಏನಿಲ್ಲ. ನನ್ನ ಎಡಗಾಲು ನನ್ನದಾಗಿ ಉಳಿದಿರಲಿಲ್ಲ.

ಆಮೇಲೆ ಅದು ಬಂತು. ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಾಲ ಬೀಸಣಿಗೆಯಾಗಿ ಬಿಚ್ಚಿ, ರೆಕ್ಕೆ ನೆಲಕ್ಕೆ ಎಳೆದು, ಎರಡು ಹೆಜ್ಜೆ ಇಟ್ಟು ನಿಲ್ಲುವುದು, ಮೈ ಉಬ್ಬಿಸಿ ತಿರುಗುವುದು, ಯಾರೂ ನೋಡುತ್ತಿಲ್ಲವೇನೋ ಎಂದು ಇನ್ನೊಮ್ಮೆ ತಿರುಗುವುದು. ತಲೆ ಕೆಂಪಾಗಿದ್ದದ್ದು ನೋಡನೋಡುತ್ತ ಬೆಳ್ಳಗಾಯಿತು, ಕೆನ್ನೆಗೆ ನೀಲಿ ಏರಿತು. ಜಹಾಂಗೀರನೂ ತನ್ನ ಆತ್ಮಕಥೆಯಲ್ಲಿ ಈ ಬಣ್ಣ ಬದಲಾಗುವುದನ್ನು ಬೆರಗಿನಿಂದ ಬರೆದಿದ್ದಾನೆ. ಅವನ ಬರಹದಲ್ಲಿ ಉತ್ಪ್ರೇಕ್ಷೆ ಜಾಸ್ತಿ ಎಂದು ತರಗತಿಯಲ್ಲಿ ಹೇಳಿದವನು ನಾನೇ. ಇಷ್ಟೆಲ್ಲ ವೈಭವ ಆ ರಬ್ಬರಿನ ಹೆಣ್ಣಿಗೆ. ಅದು ಕಲ್ಲಾಗಿ ನಿಂತಿತ್ತು. ಈತ ಅದನ್ನೇ ಸಮ್ಮತಿ ಎಂದುಕೊಂಡಿದ್ದ.

"ಈಗ" ಎಂದು ಗೈಡ್ ಉಸಿರಲ್ಲಿ ಹೇಳಿದ. ಹಕ್ಕಿ ಕತ್ತು ಉದ್ದ ಮಾಡಿತು. ನಾನು ಕುದುರೆ ಎಳೆದೆ. ಏನೂ ಆಗಲಿಲ್ಲ. ಇನ್ನಷ್ಟು ಎಳೆದೆ. ಹಿಂದಿನ ಪೊದೆಯಿಂದ ಅಳಿಯನ ಪಿಸುದನಿ: "ಮಾವ, ಸೇಫ್ಟಿ!" ಅವನು ಓದಿ ಪಾಸಾದ ಪಾಠವಂತೆ ಅದು. ಸೇಫ್ಟಿ ಎಲ್ಲಿದೆ ಎಂದು ಹುಡುಕಲು ತಲೆ ಬಗ್ಗಿಸಿದೆ. ಆಗ ಎರಡನೆಯದು ಬಂತು.

ಟರ್ಕಿ ಓಡಿದರೆ ಗಂಟೆಗೆ ಮೂವತ್ತು-ನಲವತ್ತು ಕಿಲೋಮೀಟರ್ ವೇಗವಂತೆ. ಓಡಿತು, ಆಮೇಲೆ ಹಾರಿತು. ಜೋಡಿ ಸೀನು ಶುಭ ಎಂದ ಹಿರಿಯರು ಯಾರಿಗೆ ಎಂಬುದನ್ನು ಹೇಳಿಲ್ಲ. ಅಳಿಯನ ವಿಡಿಯೋದಲ್ಲಿ ಹಕ್ಕಿ ಇಲ್ಲ, ನಾನೂ ಇಲ್ಲ. ನಗು ತಡೆಯಲಾಗದೆ ನಡುಗುವ ಆಕಾಶ ಮಾತ್ರ ಇದೆ. ಮಾವನ ಜೊತೆ ಹೇಗಿರಬೇಕೆಂದು ಹುಡುಗನಿಗೆ ಯಾರೂ ಪರೀಕ್ಷೆ ಇಟ್ಟಿಲ್ಲ.

ಗೈಡಿಗೆ ಸಿಟ್ಟು ಬರಲಿಲ್ಲ. ಟ್ರಕ್ಕಿನ ಹಿಂಬಾಗಿಲು ಇಳಿಸಿ, ಅದರ ಮೇಲೆ ಕೂತು ಕಾಫಿ ಬಗ್ಗಿಸಿಕೊಟ್ಟ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಈ ಹಕ್ಕಿ ಹಲವು ರಾಜ್ಯಗಳಲ್ಲಿ ನಿರ್ನಾಮವೇ ಆಗಿತ್ತಂತೆ. ಫಾರಮ್ಮಿನಲ್ಲಿ ಸಾಕಿ ಕಾಡಿಗೆ ಬಿಟ್ಟರು, ಅವು ಬದುಕಲಿಲ್ಲ. ಆಮೇಲೆ ಉಳಿದ ಕಾಡು ಹಕ್ಕಿಗಳ ಮೇಲೆಯೇ ಫಿರಂಗಿಯಿಂದ ಬಲೆ ಹಾರಿಸಿ ಹಿಡಿದು, ರಟ್ಟಿನ ಪೆಟ್ಟಿಗೆಯಲ್ಲಿ ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದರು. ಹಣ ಬಂದದ್ದು ಮುಖ್ಯವಾಗಿ ಬೇಟೆಗಾರರಿಂದಲೇ: 1937ರ ಕಾನೂನಿನ ಪ್ರಕಾರ ಕೋವಿ, ತೋಟಾಗಳ ಮೇಲಿನ ತೆರಿಗೆ ವನ್ಯಜೀವಿಗೆ ಹೋಗುತ್ತದೆ. ಈಗ ದೇಶದಲ್ಲಿ ಅರವತ್ತು ಲಕ್ಷದ ಆಸುಪಾಸು ಟರ್ಕಿಗಳಿವೆ. ನಿನ್ನ 126 ಡಾಲರ್ ಹಾಳಾಗಲಿಲ್ಲ ಎಂದು ಭುಜ ತಟ್ಟಿದ.

ನಿಮ್ಮೂರಿನಲ್ಲಿ ಯಾವ ಹಕ್ಕಿ ಎಂದು ಕೇಳಿದ. ಕಾಡುಕೋಳಿ ಎಂದೆ, ಬೂದು ಬಣ್ಣದ್ದು. ಅವನು ಟ್ರಕ್ಕಿನಿಂದ ಮೀನುಗಾಳದ ಡಬ್ಬಿ ತೆಗೆದು ಒಂದು ಗಾಳ ತೋರಿಸಿದ. ಅದಕ್ಕೆ ಕಟ್ಟಿದ್ದ ಗರಿಯ ತುದಿಯಲ್ಲಿ ಅರಗಿನ ಹನಿಯ ಹಾಗೆ ಹೊಳೆಯುವ ಬಿಳಿ, ಹಳದಿ ಚುಕ್ಕಿ. ಗುರುತು ಹಿಡಿಯಲು ಕನ್ನಡಕ ಬೇಕಾಗಲಿಲ್ಲ. ಈಗ ಪಶ್ಚಿಮದವರು ಆ ಹುಂಜವನ್ನು ಸಾಕಿಯೇ ಗರಿ ತೆಗೆಯುತ್ತಾರೆ. ಹಿಂದೆ ಅವು ನಮ್ಮ ಕಾಡಿನಿಂದಲೇ ಹಡಗು ಹತ್ತುತ್ತಿದ್ದವು. ಸಂತೆಗೆ ಬರುತ್ತಿದ್ದ ವ್ಯಾಪಾರಿಗೆ ಅಜ್ಜ ಒಣಗಿಸಿದ ಕೊರಳುಗಳನ್ನು ಕಟ್ಟುಗಟ್ಟಲೆ ಕೊಟ್ಟು ಮದ್ದು, ಚರೆ ತರುತ್ತಿದ್ದನೆಂದು ಅಜ್ಜಿ ಹೇಳುತ್ತಿದ್ದಳು. ಅಜ್ಜನ ಕಥೆಗಳಲ್ಲಿ ಆ ವ್ಯಾಪಾರಿ ಬರುತ್ತಿರಲಿಲ್ಲ. ನನ್ನವುಗಳಲ್ಲೂ ಬಂದಿರಲಿಲ್ಲ. ಆ ಕಾಡುಕೋಳಿಗಳು ಈಗ ಎಷ್ಟಿವೆ ಎಂದು ಗೈಡ್ ಕೇಳಿದ. ಅಜ್ಜ ಎಷ್ಟು ಹೊಡೆದ ಎಂದು ಕೇಳಿದ್ದರೆ ಹೇಳುತ್ತಿದ್ದೆ. ಕಾಫಿ ಚೆನ್ನಾಗಿದೆ ಎಂದೆ.

ಹಕ್ಕಿ ಸಿಗಲಿ ಬಿಡಲಿ, ಹಣ ವಾಪಸಿಲ್ಲ. ಅದರ ಮೇಲೆ ಭಕ್ಷೀಸು ಬೇರೆ. ಅಳಿಯ ಧಾರಾಳಿ, ಕೊಟ್ಟ. ರಾಂಚಿನ ದಾರಿಯಲ್ಲಿ ಗೈಡ್ ಸ್ಟೀರಿಂಗ್ ಹಿಡಿದವನೇ ಇದ್ದಕ್ಕಿದ್ದಂತೆ "ಆ...ಕ್ಷ್ಯಾ" ಅಂದ. ಪರಾಗ ಎಂದುಕೊಂಡೆ. ಮತ್ತೆ "ಆ...ಕ್ಷ್ಯಾ" ಅಂದು ನನ್ನ ಮುಖ ನೋಡಿದ. ನನ್ನ ಸೀನು ಕಲಿಯುತ್ತಿದ್ದ! ಮುಂದಿನ ವಾರದ ಗಿರಾಕಿಗಳಿಗೆ ಬೇಕಂತೆ.

"ಹಾಗಲ್ಲ" ಎಂದೆ. ಗಂಟಲಿನಿಂದ ಬಂದರೆ ಅದು ಕೆಮ್ಮು. ಹೊಟ್ಟೆಯಿಂದ ಎದ್ದು, ಎದೆಯಲ್ಲಿ ಸ್ವಲ್ಪ ತಂಗಿ, ಅಲ್ಲಿಂದ ಹೊರಡಬೇಕು. ಅವನು ಟ್ರಕ್ಕು ನಿಲ್ಲಿಸಿ, ಟೊಪ್ಪಿ ತೆಗೆದಿಟ್ಟು, ಶ್ರದ್ಧೆಯಿಂದ ಇನ್ನೊಮ್ಮೆ ಸೀನಿದ. ಮೂವತ್ತೈದು ಕೊಟ್ಟು ಪಾಸು ಮಾಡಿದೆ.