ಒಬ್ಬರೇನಾ?

2018ರಲ್ಲಿ ಸ್ವರಾಜ್ ದ್ವೀಪ ಎಂದು ಹೆಸರು ಬದಲಾದರೂ ಎಲ್ಲರ ಬಾಯಲ್ಲಿ ಹ್ಯಾವ್‌ಲಾಕ್ ಆಗಿಯೇ ಉಳಿದಿರುವ ಅಂಡಮಾನಿನ ಆ ದ್ವೀಪಕ್ಕೆ ಒಂಟಿಯಾಗಿ ಹೋದರೆ ಮಾಡಲು ಕೆಲಸವೇನೂ ಕಡಿಮೆಯಿಲ್ಲ. ಮೊದಲನೆಯದು, “ಒಬ್ಬರೇನಾ?” ಎಂಬ ಪ್ರಶ್ನೆಗೆ ಉತ್ತರ ಕೊಡುವುದು. ಹಡಗಿನಲ್ಲಿ ಕೇಳಿದರು, ಹೋಟೆಲಿನಲ್ಲಿ ಕೇಳಿದರು. ಎಳನೀರಿನವನಂತೂ ಕೇಳಲೂ ಇಲ್ಲ. ಎರಡು ಸ್ಟ್ರಾ ಹಾಕಿ, ನನ್ನ ಅಕ್ಕಪಕ್ಕ ನೋಡಿ, ಒಂದನ್ನು ಮೆಲ್ಲಗೆ ವಾಪಸ್ ಎಳೆದುಕೊಂಡ.

ಇನ್ನೊಂದು ಕೆಲಸ ಫೋಟೊ ತೆಗೆಯುವುದು. ನನ್ನದಲ್ಲ, ಹನಿಮೂನಿಗೆ ಬಂದವರದು. ರಾಧಾನಗರ ಬೀಚಿನಲ್ಲಿ ಒಂಟಿಯಾಗಿ ನಿಂತವನನ್ನು ಪ್ರವಾಸೋದ್ಯಮ ಇಲಾಖೆಯೇ ನೇಮಿಸಿದೆ ಎಂದು ನವದಂಪತಿಗಳ ದೃಢವಾದ ನಂಬಿಕೆ. “ಅಂಕಲ್, ಅಲೆ ಬಂದಾಗ ಕ್ಲಿಕ್ ಮಾಡಿ!” ಅಲೆ ಬಂತು. ಜೋಡಿ ನಕ್ಕಿತು. ನನ್ನ ಪ್ಯಾಂಟು ಸೊಂಟದವರೆಗೆ ನೆನೆಯಿತು. ನೆನೆದದ್ದಕ್ಕಿಂತ ಆ ‘ಅಂಕಲ್’ ಹೆಚ್ಚು ತಣ್ಣಗೆ ಕೊರೆಯಿತೆನ್ನಿ.

ಅಷ್ಟು ಪೂರ್ವದಲ್ಲಿದ್ದರೂ ಗಡಿಯಾರ ಮಾತ್ರ ನಮ್ಮದೇ. ಹೀಗಾಗಿ ಚಳಿಗಾಲದಲ್ಲಿ ಸಂಜೆ 5ರ ಸುಮಾರಿಗೇ ಸೂರ್ಯ ಡ್ಯೂಟಿ ಮುಗಿಸಿಬಿಡುತ್ತಾನೆ. ಊಟದವರೆಗೆ ಮಾಡುವುದೇನು? ಟಾರ್ಚ್ ಹಿಡಿದು ಸನ್ಯಾಸಿ ಏಡಿಗಳನ್ನು ನೋಡುತ್ತಾ ಕೂತೆ. ಮೈ ಬೆಳೆದಂತೆ ಹಳೆಯ ಚಿಪ್ಪು ಬಿಟ್ಟು ದೊಡ್ಡದಕ್ಕೆ ನುಗ್ಗುವ ಜೀವ ಅದು. ಹತ್ತು ತಿಂಗಳ ಅಡ್ವಾನ್ಸಿಲ್ಲ, ಬ್ರೋಕರಿಲ್ಲ, “ಒಬ್ಬರಿಗೆ ಮನೆ ಕೊಡಲ್ಲ” ಎನ್ನುವ ಓನರಿಲ್ಲ. ಬೆಂಗಳೂರಿನ ಬಾಡಿಗೆದಾರನಿಗೆ ಹೊಟ್ಟೆಕಿಚ್ಚಾಗದೆ ಇರುತ್ತದೆಯೇ? ರಾತ್ರಿ ಹೋಟೆಲಿನ ಮೆನುವಿನಲ್ಲಿ ಏಡಿ ಮಸಾಲೆ ಇತ್ತು. ಬೇರೆ ಜಾತಿಯದೇ ಇರಬೇಕು. ಆದರೂ ಪರಿಚಯಸ್ಥರ ಬಂಧುಗಳಲ್ಲವೇ ಎಂಬ ದಾಕ್ಷಿಣ್ಯಕ್ಕೆ ದಾಲ್ ಫ್ರೈ ಹೇಳಿದೆ.